ಬೆಟ್ಟದೂರಿನ ಅಂಗಳಕ್ಕೆ ಶಹಾಬಾದ್ ಕಲ್ಲು

ಈ ಪಾಠಕ್ಕೆ ನನಗೆ ಬಿದ್ದ ಖರ್ಚು ಒಂದು ಲಾರಿ ಕಲ್ಲು, ವಾಡಿಯಿಂದ ಇಬ್ಬರ ರೈಲು ಟಿಕೆಟ್, ಮತ್ತು ನಮ್ಮೂರಿನಲ್ಲಿ ತೊಟ್ಟರೆ ಜನ ನಗುವಂಥ ಒಂದು ಉಣ್ಣೆ ಕೋಟು. ಕೋಟಿನ ಬೆಲೆ ಅರ್ಧಕ್ಕೆ ಇಳಿಸಿದ್ದೆ, ಅದು ಬೇರೆ ಮಾತು. ಕಾರಣ ಇಷ್ಟೇ: ಹವೆ ವಿಚಾರಿಸದೆ ಗ್ಯಾರಂಟಿ ಕೊಟ್ಟಿದ್ದೆ.

ಉತ್ತರದ ಬೆಟ್ಟದೂರೊಂದರಲ್ಲಿ ವಸತಿಗೃಹ ನಡೆಸುವ ಹೆಂಗಸೊಬ್ಬರು ಅಂಗಳಕ್ಕೆಂದು ನನ್ನಿಂದ ಶಹಾಬಾದ್ ಕಲ್ಲು ತರಿಸಿದ್ದರು. ಮೂರು ತಲೆಮಾರು ಅಲುಗುವುದಿಲ್ಲ ಎಂದು ಫೋನಿನಲ್ಲಿ ಹೇಳಿದವನು ನಾನೇ. ಮೊದಲ ಚಳಿಗಾಲಕ್ಕೇ ಕಲ್ಲು ಪದರು ಪದರಾಗಿ ಏಳುತ್ತಿದೆ, ಬದಲಿ ಕೊಡಿ, ಇಲ್ಲವೇ ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳಿ ಎಂದರು. ನಮಗೆ ಚಳಿ ಎಂದರೆ ತೊಗರಿ ಕೊಯ್ಲಿನ ಮುಂಜಾನೆ ಒಂದು ಕೌದಿ ಹೊದೆಯುವಷ್ಟು. ಅದಕ್ಕೆ ಕಲ್ಲು ಏಳುತ್ತದೆಯೇ? ತಪ್ಪು ಹಾಸಿದವರದು ಎಂದು ತೋರಿಸಲು, ರಾವೂರಿನ ಖಣಿಯಲ್ಲಿ ಕಲ್ಲು ಸೀಳುತ್ತಲೇ ಕೂದಲು ಬೆಳ್ಳಗಾದ ಮೇಸ್ತ್ರಿಯನ್ನು ಕರೆದುಕೊಂಡು ಹೊರಟೆ.

ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ಅಂಗಳವೆಲ್ಲ ಒದ್ದೆಯಾಗಿತ್ತು. ನಾನು ಸಿಮೆಂಟು, ಮರಳು ಎಂದು ವಾದ ಹೂಡಿದೆ. ಮೇಸ್ತ್ರಿ ಮಾತ್ರ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದ ಚಪ್ಪಡಿಯೊಂದಕ್ಕೆ ನೀರು ಹೊಯ್ದ. ಮರುದಿನ ಬೆಳಿಗ್ಗೆ ಬಿರುಕಿನಲ್ಲಿ ನೀರು ಗಡ್ಡೆಕಟ್ಟಿತ್ತು. ಮೇಲಿನ ಪದರು ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ ನಿಂತಿತ್ತು.

"ನೋಡ್ರಿ ಸಾವ್ಕಾರ್ರ, ನಾವು ಉಳಿ ಹೊಡಿಯೋ ಜಾಗಾದಾಗೇ ಥಂಡಿ ಹೊಡದದ. ಭಾಳ ಚಂದ ಸೀಳೇದ, ಕೂಲೀನೂ ಕೇಳಂಗಿಲ್ಲ."

"ನೀ ಯಾರ ಕಡಿ ಅದೀಯೋ?"

"ಕಲ್ಲಿನ ಕಡಿ ಅದೀನ್ರಿ. ನಮ್ಮ ಊರಾಗ ನೀರು ಗಡ್ಡಿ ಕಟ್ಟಂಗಿಲ್ಲ, ಅದ್ಕ ನಿಮಗೂ ಗೊತ್ತಾಗಿಲ್ಲ, ನನಗೂ ಗೊತ್ತಾಗಿಲ್ಲ."

ಆ ಹೆಂಗಸಿಗೆ ಕನ್ನಡ ಬಾರದು. ಹಿಂದಿಯಲ್ಲಿ ನಾನು ಬೇರೆಯೇ ಅರ್ಥ ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಎದ್ದ ಪದರು ಅವರ ಕಾಲ ಬುಡದಲ್ಲೇ ಇತ್ತು. ಮೇಸ್ತ್ರಿ ಹೇಳಿದ್ದನ್ನೇ ಹೇಳಿದೆ. ಅಂಗಳಕ್ಕೆ ಗ್ರಾನೈಟು ನನ್ನದು, ಲಾರಿ ಬಾಡಿಗೆ ಅವರದು, ಇನ್ನೂ ಗಟ್ಟಿಯಿದ್ದ ಚಪ್ಪಡಿಗಳು ಅಡುಗೆಮನೆಯ ನೆಲಕ್ಕೆ ಎಂದು ಚಹಾ ಆರುವುದರೊಳಗೆ ಮಾತು ಮುಗಿಯಿತು. ಅವರು ಇವತ್ತಿಗೂ ಗಿರಾಕಿಗಳನ್ನು ನನ್ನ ಕಡೆ ಕಳಿಸುತ್ತಾರೆ.

ಚಳಿಪ್ರದೇಶಕ್ಕೆ ಕಲ್ಲು ಕೊಳ್ಳುವವರಾಗಲಿ, ಮಾರುವವರಾಗಲಿ, ದರಕ್ಕಿಂತ ಮೊದಲು ಅಲ್ಲಿ ನೀರು ಹೆಪ್ಪುಗಟ್ಟುತ್ತದೆಯೇ ಎಂದು ಕೇಳಿ. ಕಟ್ಟುತ್ತದೆ ಎಂದರೆ ಪದರುಗಲ್ಲು ಮನೆಯೊಳಗೆ ಮಾತ್ರ. ಹೊರಗೇ ಬೇಕೆಂದು ಹಟವಿದ್ದರೆ ಎರಡು ಚಪ್ಪಡಿ ತರಿಸಿ, ನೀರು ಕುಡಿಸಿ, ಒಂದು ಚಳಿಗಾಲ ಬಯಲಲ್ಲಿ ಬಿಡಿ. ಅಷ್ಟು ದಿನ ಕಾಯಲು ಒಲ್ಲದ ವ್ಯಾಪಾರಿಯ ಹತ್ತಿರ ಕೊಳ್ಳಬೇಡಿ.