ಕಂಡದ್ದು, ಕೇಳಿದ್ದು

ಅವರ ಬಲಗಿವಿಯ ಮೇಲೆ ಸದಾ ಒಂದು ತುಂಡು ಸೀಮೆಸುಣ್ಣ ಇರುತ್ತಿತ್ತು. ಬಡಗಿ ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಾನಲ್ಲ, ಹಾಗೆ. ಅದು ತಾಗಿ ತಾಗಿ ಆ ಬದಿಯ ಕೂದಲು ಉಳಿದದ್ದಕ್ಕಿಂತ ಎಷ್ಟೋ ವರ್ಷ ಮೊದಲೇ ಬೆಳ್ಳಗಾಗಿತ್ತು. ಮುಂದೆ ನಿಜವಾದ ನರೆ ಬಂದಾಗ ಸುಣ್ಣ ಯಾವುದು, ವಯಸ್ಸು ಯಾವುದು ಎಂದು ಯಾರಿಗೂ ತಿಳಿಯಲಿಲ್ಲ.

ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ ಅವರದೊಂದು ಉಡುಪಿ ಹೋಟೆಲು. ಕೆಲಸದವರು ಅವರನ್ನು ಧಣಿಗಳು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಎಂಬತ್ತರ ದಶಕದ ಮೊದಲಲ್ಲಿ ಅಲ್ಲೇ ಪಕ್ಕದ ಆಫೀಸಿನಲ್ಲಿ ನಾನು ಟೈಪಿಸ್ಟ್. ಆಂಟಾಪ್ ಹಿಲ್‌ನಿಂದ ಬಸ್ಸು ಹಿಡಿದು ಬಂದು, ಅವರ ಹೋಟೆಲಿನಲ್ಲಿ ಒಂದು ಲೋಟ ಕಾಫಿ ಕುಡಿಯದೆ ನನ್ನ ಬೆರಳುಗಳು ಓಡುತ್ತಿರಲಿಲ್ಲ.

ಕೌಂಟರಿನ ಹಿಂದೆ ದೊಡ್ಡ ಕಪ್ಪು ಹಲಗೆಯಿತ್ತು. ಮೇಲೆ ಆ ದಿನದ ತಿಂಡಿ. ಅದರ ಕೆಳಗೆ ಒಂದು ಗೆರೆ ಎಳೆದು ಎರಡು ಪಾಲು: ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಕೇಳಿದ್ದು’. ಯಾರು ಯಾವ ಸುದ್ದಿ ತಂದರೂ ಅದು ಈ ಎರಡರಲ್ಲಿ ಒಂದು ಕಡೆ ಹೋಗಬೇಕು. ನಾನು ಮೊದಲ ಸಲ ತಂದ ಸುದ್ದಿ ಮಳೆಯದು. ಕಡ್ಡಿಯನ್ನು ಗುಡ್ಡ ಮಾಡುವುದು ನಮ್ಮ ಮನೆತನದ ಕಲೆ.

“ಇಡೀ ಆಂಟಾಪ್ ಹಿಲ್ ಮುಳುಗಿಹೋಗಿದೆ ಧಣಿಗಳೇ!” ಎಂದೆ.

“ಹೌದಾ? ನೀವು ಎಷ್ಟು ಗಲ್ಲಿ ಕಂಡ್ರಿ?”

“ನಮ್ಮ ಗಲ್ಲಿ.”

“ನೀರು ಎಲ್ಲಿವರೆಗೆ ಉಂಟು?”

ನಾನು ನನ್ನ ಪಾದ ನೋಡಿಕೊಂಡೆ. ಅವರು ಗಂಭೀರವಾಗಿ ಎಡಗಡೆ ಬರೆದರು: ‘ಆಂಟಾಪ್ ಹಿಲ್, ಒಂದು ಗಲ್ಲಿ, ಪಾದ ಮುಳುಗುವಷ್ಟು ನೀರು.’ ಹೋಟೆಲಿಗೆ ಹೋಟೆಲೇ ನಕ್ಕಿತು. ಒಂದು ವಾರ ನಾನು ಅತ್ತ ಸುಳಿಯಲಿಲ್ಲ.

ಪತ್ರಿಕೆ ಅವರು ಮೂರು ಓದುತ್ತಿದ್ದರು. ಮರಾಠಿ, ಇಂಗ್ಲಿಷ್, ಮತ್ತೆ ಬಸ್ಸಿನಲ್ಲಿ ಒಂದು ದಿನ ತಡವಾಗಿ ಬರುವ ಕನ್ನಡದ್ದು. ಹಳಸಿದ ಸುದ್ದಿ ಏಕೆ ಎಂದು ಕೇಳಿದರೆ, “ತಡ ಆದ್ರೆ ಎಂತ? ಹಿಟ್ಟು ಹುಳಿ ಬರ್ಲಿಕ್ಕೆ ಬಿಡುದಿಲ್ವಾ?” ಎನ್ನುವರು. ನಿನ್ನೆಯ ಪತ್ರಿಕೆಯ ಪಕ್ಕ ಇವತ್ತಿನದನ್ನು ಇಟ್ಟು, ಯಾವ ಮಾತು ಉಳಿಯಿತು, ಯಾವುದು ಸದ್ದಿಲ್ಲದೆ ಜಾರಿಕೊಂಡಿತು ಎಂದು ಬೆರಳಿಟ್ಟು ಹುಡುಕುವರು.

ಅವರೂ ಒಮ್ಮೆ ಎಡವಿದರು. ಎದುರಿನ ಲಾಡ್ಜಿಗೆ ಪೊಲೀಸರು ನುಗ್ಗಿದ್ದನ್ನು ನೋಡಿ ‘ಲಾಡ್ಜಿಗೆ ರೇಡ್’ ಎಂದು ‘ಕಂಡದ್ದು’ ಕೆಳಗೆ ಬರೆದುಬಿಟ್ಟರು. ಪೊಲೀಸರು ಹೋಗಿದ್ದು ಮ್ಯಾನೇಜರನ ಮಗಳ ನಿಶ್ಚಿತಾರ್ಥದ ಸಿಹಿ ತಿನ್ನಲು! ಧಣಿಗಳು ಗೋಳಿಬಜೆಯ ತಟ್ಟೆ ಹಿಡಿದು ರಸ್ತೆ ದಾಟಿ ಕ್ಷಮೆ ಕೇಳಿ ಬಂದರು. ಆದರೆ ಆ ಸಾಲನ್ನು ಅಳಿಸಲಿಲ್ಲ. ಅದರ ಕೆಳಗೆ ‘ಕಂಡದ್ದು ಪೊಲೀಸರನ್ನು. ರೇಡ್ ನನ್ನ ತಲೆಯೊಳಗೆ ಆದದ್ದು’ ಎಂದು ಬರೆದು, ಬಂದವರೆಲ್ಲ ಓದಲಿ ಎಂದು ಎಂಟು ದಿನ ಹಾಗೆಯೇ ಇಟ್ಟರು.

ಇವೆಲ್ಲ ನನಗೆ ತಮಾಷೆಯಾಗಿಯೇ ಕಾಣುತ್ತಿದ್ದವು, ಅಪ್ಪ ಬೆಂಗಳೂರಿನಿಂದ ಬಸ್ಸಿನಲ್ಲಿ ಬರಬೇಕಿದ್ದ ಆ ದಿನದವರೆಗೆ.

ಬೆಳಿಗ್ಗೆ ಆರಕ್ಕೆ ಬರಬೇಕಾದ ಅಪ್ಪ ಎಂಟಾದರೂ ಬಂದಿರಲಿಲ್ಲ. ಬಸ್ಸು ತಡವಾಗಿರಬೇಕು ಎಂದುಕೊಂಡು ಕೆಲಸಕ್ಕೆ ಹೊರಟಿದ್ದೆ. ಕಾಫಿ ಕುಡಿಯುತ್ತಿದ್ದಾಗ ಬಿಜಾಪುರದ ಕಡೆಯ ಟ್ಯಾಕ್ಸಿ ಡ್ರೈವರೊಬ್ಬ ಒಳಗೆ ಬಂದು ಕೌಂಟರಿಗೆ ಒರಗಿ ಹೇಳಿದ: “ಘಾಟಿನ್ಯಾಗ ಬೆಂಗಳೂರ ಬಸ್ ಉಳ್ಳಿ ಬಿದ್ದೈತ್ರಿ ಶೇಠ್. ಒಬ್ಬರೂ ಉಳದಿಲ್ಲಂತ.”

ನಾನು ಎದ್ದು ಹೋಗಿ ಕೌಂಟರಿನ ಫೋನಿಗೆ ಕೈಹಾಕಿದೆ. ನಮ್ಮ ಬಿಲ್ಡಿಂಗಿನಲ್ಲಿ ಒಂದು ಮನೆಯಲ್ಲಿ ಫೋನಿತ್ತು, ಅಲ್ಲಿಗೆ ಅಮ್ಮನನ್ನು ಕರೆಸಬೇಕಿತ್ತು. ಧಣಿಗಳು ಫೋನಿನ ಮೇಲೆ ತಮ್ಮ ಅಂಗೈ ಇಟ್ಟರು. ನನ್ನನ್ನು ನೋಡದೆ ಡ್ರೈವರನನ್ನು ಕೇಳಿದರು.

“ನೀವು ಕಂಡ್ರಾ?”

“ಇಲ್ರಿ, ದಾದರ್‌ನ್ಯಾಗ ಒಬ್ಬ ಡ್ರೈವರ್ ಹೇಳಿದ.”

“ಅವ ಕಂಡನಾ?”

“ಅವಗ ಪೆಟ್ರೋಲ್ ಪಂಪಿನ್ಯಾಗ ಯಾರೋ ಹೇಳ್ಯಾರ.”

ಆಗ ನನ್ನ ಕಡೆ ತಿರುಗಿದರು. “ಅಮ್ಮನಿಗೆ ಎಂತ ಹೇಳ್ತೀರಿ?”

“ಅಪ್ಪನ ಬಸ್ಸು…”

“ಅಪ್ಪನ ಬಸ್ಸು ಅಂತ ಯಾರು ಹೇಳಿದ್ರು? ಒಮ್ಮೆ ಅವರ ಕಿವಿಗೆ ಹಾಕಿದ್ರೆ ವಾಪಸ್ ತೆಗೀಲಿಕ್ಕೆ ಆಗುದಿಲ್ಲ ಮಾರಾಯ್ರೆ.”

ನನಗೆ ಮೈಯೆಲ್ಲ ಉರಿದುಹೋಯಿತು. “ಬಸ್ಸಿನಲ್ಲಿ ಇರೋದು ನಮ್ಮಪ್ಪ! ನಿಮ್ಮ ಹಲಗೆ ಮೇಲಿನ ಸುದ್ದಿಯಲ್ಲ!” ಎಂದು ಕಿರುಚಿದೆ. ತಿನ್ನುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಧಣಿಗಳು ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು ‘ಕೇಳಿದ್ದು’ ಕೆಳಗೆ ಬರೆದರು: ‘ಘಾಟಿಯಲ್ಲಿ ಒಂದು ಬಸ್ಸು.’ ಅಷ್ಟೇ. ಬೆಂಗಳೂರು ಇಲ್ಲ, ಸಾವು ಇಲ್ಲ. ಅಕ್ಷರ ಮಾತ್ರ ಯಾವತ್ತಿನ ಹಾಗೆ ನೆಟ್ಟಗಿರಲಿಲ್ಲ. ಆಮೇಲೆ ಕೌಂಟರನ್ನು ಅಳಿಯನಿಗೆ ಒಪ್ಪಿಸಿ, ಅದೇ ಡ್ರೈವರನ ಟ್ಯಾಕ್ಸಿಯಲ್ಲಿ ನನ್ನನ್ನು ಅಪ್ಪನ ಬಸ್ಸು ಬರಬೇಕಿದ್ದ ದಾದರಿಗೆ ಕರೆದುಕೊಂಡು ಹೋದರು. ವ್ಯಾಪಾರದ ಹೊತ್ತಿನಲ್ಲಿ ಅವರು ಕೌಂಟರ್ ಬಿಟ್ಟು ಎದ್ದದ್ದನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ.

ಬಸ್ ಕಂಪನಿಯ ಆಫೀಸಿನಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಧಣಿಗಳು ಫುಟ್‌ಪಾತಿನಲ್ಲಿ ನಿಂತರು. ಘಾಟಿ ಇಳಿದು ಬರುವ ಪ್ರತಿ ಬಸ್ಸಿನ ಬಾಗಿಲಿಗೆ ಹೋಗಿ, ಮರಾಠಿಯಲ್ಲಿ, ತಮ್ಮ ಹರಕು ಹಿಂದಿಯಲ್ಲಿ ಒಂದೇ ಪ್ರಶ್ನೆ: ನೀವು ಕಂಡಿರಾ? ಮೂವರು ಡ್ರೈವರುಗಳು ಕೇಳಿದ್ದನ್ನು ಹೇಳಿದರು, ಒಬ್ಬೊಬ್ಬನ ಬಾಯಲ್ಲಿ ಒಂದೊಂದು ಲೆಕ್ಕದ ಹೆಣ. ಅವರು ತಲೆಯಾಡಿಸಿ ಹಿಂದೆ ಬಂದರು. ನಾಲ್ಕನೆಯವನು ಕಂಡಿದ್ದ. ಉರುಳಿದ್ದು ಬಸ್ಸಲ್ಲ, ಈರುಳ್ಳಿ ಲಾರಿ. ಅದರ ಡ್ರೈವರನ ಕೈ ಮುರಿದಿತ್ತು, ಹಿಂದೆ ಬಸ್ಸುಗಳು ಸಾಲಾಗಿ ನಿಂತಿದ್ದವು.

ಅಪ್ಪ ಇಳಿದಾಗ ಮಧ್ಯಾಹ್ನ ಮೂರು ಗಂಟೆ. “ಬೆಳಗಿನಿಂದ ಒಂದು ತೊಟ್ಟು ಕಾಫಿ ಇಲ್ಲ ಕಣಮ್ಮ,” ಎಂದರು. ನಾನು ರಸ್ತೆಯಲ್ಲೇ ಅವರನ್ನು ತಬ್ಬಿ ಅತ್ತೆ. ಪಾಪ, ಕಾಫಿಗೆ ಇಷ್ಟೊಂದು ಅಳುವುದೇ ಎಂದು ಅವರಿಗೆ ಗಾಬರಿ. ಧಣಿಗಳು ಮಾತ್ರ ಮೆಲ್ಲಗೆ ಕೇಳಿದರು: “ರಾಯರೇ, ಲಾರಿಯನ್ನು ನೀವೇ ಕಂಡ್ರಾ?” ಮರುದಿನ ಹಲಗೆಯ ಎಡಗಡೆ ಇತ್ತು: ‘ಘಾಟಿಯಲ್ಲಿ ಈರುಳ್ಳಿ ಲಾರಿ. ಕಂಡವರು: ಟೈಪಿಸ್ಟ್ ಅಮ್ಮನವರ ತಂದೆ.’

“ಬಸ್ಸಿನ ಸುದ್ದಿ ನಿಜವೇ ಆಗಿದ್ದರೆ?” ಎಂದು ನಾನು ಆಮೇಲೆ ಕೇಳಿದ್ದೆ.

“ಆಗ ಹಾಗೇ ಬರೀಬೇಕಿತ್ತು. ಆ ದಿನ ನನ್ನ ಅಕ್ಷರ ನೀವೇ ಕಂಡ್ರಲ್ಲ. ಗೊತ್ತಿಲ್ಲ ಅಂತ ಹೇಳಿ ಸುಮ್ನೆ ನಿಲ್ಲುದು ಉಂಟಲ್ಲ, ಅದು ಭಾರೀ ಕಷ್ಟ.”

ಆ ಮನುಷ್ಯ ನನಗೆ ಅಂದು ಬೆಟ್ಟದಷ್ಟು ದೊಡ್ಡವರಾಗಿ ಕಂಡರು, ಇವತ್ತಿಗೂ ತಗ್ಗಿಲ್ಲ. ಈಗ ನನ್ನ ಫೋನು ಬೆಳಗಾಗುವುದರೊಳಗೆ ನೂರು ಸುದ್ದಿ ತಂದು ಸುರಿಯುತ್ತದೆ. “ಇದನ್ನು ಕಂಡವರು ಯಾರು?” ಎಂದು ನಾನು ಪ್ರತಿಯೊಂದಕ್ಕೂ ಕೇಳುತ್ತೇನೆ. ಮನೆಯ ಗ್ರೂಪಿನ ಮಕ್ಕಳು ನನಗೆ ‘ಕಂಡದ್ದು ಆಂಟಿ’ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ.

ತೊಂಬತ್ತರ ದಶಕ ಶುರುವಾಗಿತ್ತು. ಧಣಿಗಳು ಅಳಿಯನ ಜೊತೆ ಊರಿಗೆ ಹೋಗಿದ್ದರು. ಒಂದು ಸೋಮವಾರ ಹೋಟೆಲಿಗೆ ಹೋದಾಗ ಹಲಗೆಯ ಮೇಲೆ ಬೇರೆ ಯಾರದೋ ಸೊಟ್ಟ ಅಕ್ಷರ. ‘ಕೇಳಿದ್ದು’ ಕೆಳಗೆ: ‘ಧಣಿಗಳು ಊರಿನಲ್ಲಿ ತೀರಿಕೊಂಡರು. ಫೋನು ಬಂತು.’

ಹಳೆಯ ಸಪ್ಲೈಯರ್ ನನ್ನ ಮುಂದೆ ಲೋಟ ಇಟ್ಟ. ಅವನ ಕಣ್ಣು ಕೆಂಪಾಗಿತ್ತು. “ಇದನ್ನು ಆ ಕಡೆ ಯಾಕೆ ಬರೆದಿರಿ?” ಎಂದೆ.

“ನಮ್ಮಲ್ಲಿ ಯಾರೂ ಕಂಡಿಲ್ಲ ಅಲ್ವಾ ಅಮ್ಮ?” ಎಂದ.

ಎರಡು ವಾರ ಆ ಸಾಲು ಅಲ್ಲೇ ಇತ್ತು. ನಿಜ ನನಗೆ ಗೊತ್ತಿತ್ತು, ಗೊತ್ತಿಲ್ಲದೆ ಏನು. ಆದರೂ ದಿನವೂ ಒಳಗೆ ಕಾಲಿಡುವಾಗ ಎದೆಯಲ್ಲಿ ಒಂದು ಆಸೆ ಎದ್ದು ಕೂರುತ್ತಿತ್ತು. ಆ ಬಲಗಡೆಯಿಂದಲೇ ಒಮ್ಮೆ ನನ್ನ ಅಪ್ಪ ತಿರುಗಿ ಬಂದಿದ್ದರಲ್ಲ.

ಒಂದು ಬೆಳಿಗ್ಗೆ ಅಳಿಯ ಊರಿನಿಂದ ಬಂದ. ತಲೆ ಬೋಳಿಸಿಕೊಂಡಿದ್ದ, ಕೈಯಲ್ಲಿ ಇನ್ನೂ ಚೀಲ. ನೇರ ಹಲಗೆಯ ಹತ್ತಿರ ಹೋಗಿ, ಬಲಗಡೆಯ ಸಾಲನ್ನು ಅಂಗೈಯಿಂದ ಒರೆಸಿದ. ಸೀಮೆಸುಣ್ಣ ತೆಗೆದುಕೊಂಡು ಎಡಗಡೆ ಬರೆದ: ‘ಧಣಿಗಳು ತೀರಿಕೊಂಡರು. ಕಂಡವನು: ಅಳಿಯ.’

ಅಲ್ಲಿಯವರೆಗೆ ತಡೆದುಕೊಂಡಿದ್ದ ನಾನು ಕಾಫಿ ಲೋಟ ಕೆಳಗಿಟ್ಟು ಅತ್ತೆ.