ಲ್ಯಾನ್ಸಿ ಸರ್ ಕಲಿಸಿದ ತಲೆಬರಹ

ಲ್ಯಾನ್ಸಿ ಸರ್ ಬಗ್ಗೆ ಮೂಡುಬಿದಿರೆಯಲ್ಲಿ ಎಲ್ಲರೂ ಹೇಳುವುದು ಒಂದೇ: ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಕ್ಲಾಸಿನಲ್ಲಿ, ಪ್ಯಾರಾಕ್ಕೋ ಪಟ್ಟಿಗೋ ಗುರುತಾಗಿ ತೆರೆದ ಟ್ಯಾಗನ್ನು ಕೊನೆಗೆ ಮುಚ್ಚದಿದ್ದರೆ ಬೈದು ಹೊರಗೆ ಕಳಿಸುತ್ತಿದ್ದರು. ಶ್ರದ್ಧಾಂಜಲಿ ಸಭೆಯಲ್ಲೂ ಅದನ್ನೇ ಹೇಳಿದರು. ನನ್ನ ಆಕ್ಷೇಪ ಉಂಟು. ಸರ್ ಬರೆದ ವೆಬ್ ಪುಟಗಳ ಒಳಗೆ ಇಣುಕಿ ನೋಡಿದವಳು ನಾನು. ಅರ್ಧಕ್ಕರ್ಧ ಪ್ಯಾರಾಗಳನ್ನು ಅವರೇ ಮುಚ್ಚಿಲ್ಲ. "ಬ್ರೌಸರ್ ಪಾಪದ್ದು ಮಾರಾಯ್ತಿ, ಅದೇ ಮುಚ್ಚಿಕೊಳ್ತದೆ" ಎನ್ನುತ್ತಿದ್ದರು.

ಅವರ ಹಠ ಬೇರೆ. "ಅದು ಏನು ಅಂತ ಮೊದಲು ಹೇಳು. ಹೇಗೆ ಕಾಣಬೇಕು ಅಂತ ಮತ್ತೆ ನೋಡುವ." ತಲೆಬರಹಕ್ಕೆ ತಲೆಬರಹದ್ದೇ ಟ್ಯಾಗ್, ಪಟ್ಟಿಗೆ ಪಟ್ಟಿಯದ್ದೇ, ಚಿತ್ರ ಹಾಕಿದರೆ ಅದು ಯಾವುದರ ಚಿತ್ರ ಎಂದು ಮಾತಿನಲ್ಲೂ ಬರೆಯಬೇಕು. ಹೋಟೆಲಿನಲ್ಲೂ ಇದೇ ಕಥೆ. ಸ್ಪೆಷಲ್ ಉಂಟು ಎಂದ ಸಪ್ಲೈಯರನ್ನು ತಡೆದು, ದೋಸೆಯೋ ಬನ್ಸೋ ಮೊದಲು ಹೇಳಿ ಎನ್ನುವರು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಬಿಡುತ್ತೇನೆಯೇ? ತಲೆಬರಹದ ಟ್ಯಾಗ್ ಹಾಕದೆ ಒಂದು ಸಾಲನ್ನು ಬರೀ ದೊಡ್ಡದು, ದಪ್ಪ ಮಾಡಿ, ಇದೇ ತಲೆಬರಹ ಎಂದೆ. ನೋಡುವವರಿಗೆ ವ್ಯತ್ಯಾಸ ಎಲ್ಲಿ ಗೊತ್ತಾಗುತ್ತದೆ ಎಂದು ವಾದಿಸಿದೆ. ಸರ್ ಆ ಪುಟವನ್ನು ಬಂಟ್ವಾಳದಲ್ಲಿರುವ ತಮ್ಮ ಅಕ್ಕ ವಿನ್ನಿ ಬಾಯಿಗೆ ಕಳಿಸಿ ಫೋನ್ ಮಾಡಿದರು. ವಿನ್ನಿ ಬಾಯಿಗೆ ಕಣ್ಣು ಕಾಣುವುದಿಲ್ಲ. ಮೊಬೈಲು ಪುಟ ಓದಿ ಹೇಳುತ್ತದೆ. ಅವರು ತಲೆಬರಹದಿಂದ ತಲೆಬರಹಕ್ಕೆ ಹಾರುತ್ತಾ ಬೇಕಾದಲ್ಲಿ ಇಳಿಯುತ್ತಾರೆ. ಸ್ಪೀಕರಿನಲ್ಲಿ ಅವರ ಸ್ವರ ಬಂತು: "ಇದರಲ್ಲಿ ತಲೆಬರಹವೇ ಇಲ್ಲವಲ್ಲ ಮಗಾ. ನಾನು ಎಲ್ಲಿಂದ ಒಳಗೆ ಬರುವುದು?"

ತೀರ್ಪುಗಾರರಿಲ್ಲದೆ ನಾನು ಸೋತದ್ದು ಅದೊಂದೇ ಸಲ.

ವಿನ್ನಿ ಬಾಯಿ ಮಕ್ಕಳಿಗೆ ಹಾಡು ಕಲಿಸಲು ಒಬ್ಬರೇ ಬಸ್ಸು ಹತ್ತಿ ಮೂಡುಬಿದಿರೆಗೆ ಬರುತ್ತಿದ್ದರು. ಬಸ್ಸಿನ ಹೊತ್ತು ಯಾರಲ್ಲೂ ಕೇಳಲಾರೆ ಎಂಬುದು ಅವರ ಛಲ. ಅದಕ್ಕೆಂದೇ ಸರ್ ತಮ್ಮ ಕಂಪ್ಯೂಟರ್ ಸೆಂಟರಿನ ವೆಬ್‌ಸೈಟಿನಲ್ಲಿ ಬಸ್ ವೇಳಾಪಟ್ಟಿ ಹಾಕಿದ್ದರು. ಬಿಳಿಯ ಮೇಲೆ ಕಪ್ಪು, ಚಂದ ಏನೂ ಇಲ್ಲ. ಆದರೆ ಮೊಬೈಲು ಒಂದೂ ಬಿಡದೆ ಓದುತ್ತಿತ್ತು.

ಈಗ ಸೆಂಟರ್ ನಡೆಸುವವನು ನನ್ನ ಸಹಪಾಠಿ ಸುಹಾಸ. ವೇಳಾಪಟ್ಟಿ ತೆಗೆದು, ಅದೇ ಹೊತ್ತುಗಳಿರುವ ಬಣ್ಣದ ಪೋಸ್ಟರಿನ ಚಿತ್ರ ಹಾಕಿದ್ದಾನೆ. ಮೂಲೆಯಲ್ಲಿ ಸರ್ ಫೋಟೊ. ನೋಡಲು ಭಾರೀ ಚಂದ, ಒಪ್ಪುತ್ತೇನೆ. ವಿನ್ನಿ ಬಾಯಿಯ ಮೊಬೈಲು ಅದರ ಮುಂದೆ "ಚಿತ್ರ" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅವರು ಯಾರಲ್ಲೂ ಕೇಳಲಿಲ್ಲ. ಹಾಡಿನ ಕ್ಲಾಸನ್ನೇ ನಿಲ್ಲಿಸಿದ್ದಾರೆ.

ಮೊನ್ನೆ ಸುಹಾಸನಿಗೆ ಆ ಪುಟ ತೆರೆದು ಕೊಟ್ಟು, ಕಣ್ಣು ಮುಚ್ಚು ಎಂದೆ. ನಗುತ್ತಾ ಮುಚ್ಚಿದ.

"ಈಗ ಹೇಳು ಮಾರಾಯ, ವಿನ್ನಿ ಬಾಯಿಗೆ ಮುಂದಿನ ಬಸ್ಸು ಎಷ್ಟು ಗಂಟೆಗೆ?"