‘ಬಂದೇನಿ’ ಎಂಬ ಖಾಲಿ ಫೈಲು

ದೆವ್ವ, ಮಾಟ, ಮೈದುಂಬುವುದು ಇವನ್ನೆಲ್ಲ ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನಮ್ಮೂರು ಹತ್ತಿಮತ್ತೂರಿನಲ್ಲಿ ಯಾರಾದರೂ ಅಂಥ ಕಥೆ ತೆಗೆದರೆ, ಆ ದೆವ್ವಕ್ಕೆ ನನ್ನ ವಿಳಾಸ ಕೊಡಿ, ಬಂದು ಚಹಾ ಕುಡಿದು ಹೋಗಲಿ ಎಂದು ಛೇಡಿಸುತ್ತಿದ್ದೆ. ಈಗಲೂ ನಾನು ಬದಲಾಗಿದ್ದೇನೆ ಎಂದು ಹೇಳಲು ಕುಳಿತಿಲ್ಲ. ಒಂದು ಮಧ್ಯಾಹ್ನ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಂಬತ್ತರ ದಶಕದ ಕೊನೆಯ ಮಾತು. ಸವಣೂರಿನಲ್ಲಿ ಹತ್ತಿಬೀಜ ಬೆಳೆಯುವ ರೈತರ ಒಂದು ಸಂಘದಲ್ಲಿ ನಾನು ಗುಮಾಸ್ತನಾಗಿದ್ದೆ. ಸಂಘಕ್ಕೆ ಒಂದು ಕಂಪ್ಯೂಟರ್ ಬಂತು. ಅದಕ್ಕೊಂದು ಪ್ರತ್ಯೇಕ ಕೋಣೆ, ಕಿಟಕಿಗೆ ಪರದೆ, ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಹಾನಗಲ್ಲು, ಶಿಗ್ಗಾವಿ ಕಡೆಯ ರೈತರು ಬೀಜದ ಕೆಲಸಕ್ಕೆ ಬಂದಾಗ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಮಾಸೂರಿನ ಹಿರಿಯರೊಬ್ಬರಂತೂ ಕೈಮುಗಿದೇ ಹೋದರು. ಅದನ್ನು ನಡೆಸಲು ಬಂದವನು ಯಲವಿಗಿಯ ಫಕ್ಕೀರೇಶ. ನನ್ನದೇ ವಯಸ್ಸು. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದ. ಒಂದು ವಾರದಲ್ಲಿ ನಾವು ಒಂದೇ ಎಲೆ ಅಡಿಕೆ ಚೀಲ ಹಂಚಿಕೊಳ್ಳುವಷ್ಟು ದೋಸ್ತರಾದೆವು.

ಈ ಕಥೆಗೆ ಬೇಕಾದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಆ ಯಂತ್ರಕ್ಕೆ ತನ್ನದೇ ಗಡಿಯಾರ ಇರಲಿಲ್ಲ. ಸ್ವಿಚ್ ಹಾಕಿದೊಡನೆ ಇವತ್ತು ಎಷ್ಟನೆಯ ತಾರೀಖು, ಈಗ ಗಂಟೆ ಎಷ್ಟು ಎಂದು ಕೇಳುತ್ತಿತ್ತು. ನಾವು ಹೇಳಿದ್ದೇ ಅದಕ್ಕೆ ವೇದವಾಕ್ಯ. ಏನೂ ಹೇಳದೆ ಎಂಟರ್ ಒತ್ತಿದರೆ ಅದರ ಪಾಲಿಗೆ ಅವತ್ತು ಸಾವಿರದ ಒಂಬೈನೂರ ಎಂಬತ್ತರ ಜನವರಿ ಒಂದು. ನಾನು ಅವಸರದವನು, ಎಂಟರ್ ಒತ್ತುವವನು. ಹಾಗಾಗಿ ನಾನು ಮಾಡಿದ ಫೈಲುಗಳೆಲ್ಲ ಒಂದೇ ದಿನ ಹುಟ್ಟಿದವು. ಫಕ್ಕೀರೇಶನಿಗೆ ಇದು ಒಂಚೂರೂ ಸೇರುತ್ತಿರಲಿಲ್ಲ.

“ಲೇ ದೋಸ್ತಾ, ತಾರೀಖ ಬಡಿಯಾಕೂ ಮೈಗಳ್ಳತನ ಏನೋ ನಿನಗ?” ಎಂದು ಬೈಯುತ್ತಿದ್ದ. “ಫೈಲು ಅಂದ್ರ ಒಳಗಿನ ಬರಹ ಅಷ್ಟ ಅಲ್ಲ. ಅದರ ಹೆಸರು, ಎಷ್ಟ ದೊಡ್ಡದೈತಿ, ಕಡೀಕ ಯಾವಾಗ ಮುಟ್ಯಾರ, ಎಲ್ಲಾರಿಗೂ ಕಾಣ್ತೈತೋ ಮರಿಯಾಗೈತೋ, ಇವೂ ಅದರ ಗುಣ. ಒಳಗ ಏನೂ ಇಲ್ಲಂದ್ರೂ ಇವು ಇರ್ತಾವು.”

ಫೈಲುಗಳ ಈ ಗುಣಗಳನ್ನು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಓದುವುದು, ಬದಲಿಸುವುದು ಹೇಗೆ ಎಂದು ಸಂಜೆ ಕೆಲಸ ಮುಗಿದ ಮೇಲೆ ನನಗೆ ಕಲಿಸತೊಡಗಿದ. ಅವನದೇ ಒಂದು ಆಟವೂ ಇತ್ತು. ದಿನಾ ಬೆಳಿಗ್ಗೆ ಬಂದು ತಾರೀಖು, ಗಂಟೆ ಒತ್ತಿ, ತಾನೇ ಬರೆದ ಒಂದು ಚಿಕ್ಕ ಪ್ರೋಗ್ರಾಮ್ ನಡೆಸುತ್ತಿದ್ದ. ಅದು ನಿನ್ನೆಯದನ್ನು ಅಳಿಸಿ ಒಂದು ಹೊಸ ಫೈಲು ಮಾಡುತ್ತಿತ್ತು. ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ‘ಬಂದೇನಿ’, ಬಂದಿದ್ದೇನೆ ಎಂದು. ಒಳಗೆ ಒಂದಕ್ಷರವೂ ಇಲ್ಲ. ಆ ಫೈಲನ್ನು ಮರೆಯಾಗಿಯೂ ಇಡುತ್ತಿದ್ದ, ಸಾಮಾನ್ಯ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ. ಅದರ ಮೇಲಿನ ತಾರೀಖೆಂದರೆ ಫಕ್ಕೀರೇಶ ಕೊನೆಯ ಸಲ ಕೆಲಸಕ್ಕೆ ಬಂದ ಹೊತ್ತು. ಹಾಜರಿ ಪುಸ್ತಕದ ಸಹಿ ಸಾಹೇಬರಿಗೆ, ಇದು ಯಂತ್ರಕ್ಕೆ ಎನ್ನುತ್ತಿದ್ದ. ಆ ಪ್ರೋಗ್ರಾಮ್ ಇದ್ದದ್ದು ಅವನ ಫ್ಲಾಪಿಯಲ್ಲಿ ಮಾತ್ರ, ಫ್ಲಾಪಿ ಸದಾ ಅವನ ಹೆಗಲ ಚೀಲದಲ್ಲಿ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಪ್ರಿಂಟರಿಗೆ ರಿಬ್ಬನ್ ತರುತ್ತೇನೆಂದು ಯಲವಿಗಿಯಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಹೋದ. ತಿರುಗಿ ಬರಲಿಲ್ಲ. ರಿಬ್ಬನ್ ಕೊಂಡದ್ದು ನಿಜ, ಅಂಗಡಿಯವನು ಹೇಳಿದ. ಆಮೇಲೆ ಅವನನ್ನು ಕಂಡವರಿಲ್ಲ. ಮನೆಯಲ್ಲಿ ಜಗಳವಿಲ್ಲ, ಪ್ರೀತಿ ಪ್ರೇಮದ ಗೊಡವೆ ಇಲ್ಲ. ಪೊಲೀಸರಿಗೆ ದೂರು ಕೊಟ್ಟೆವು, ಆಸ್ಪತ್ರೆಗಳನ್ನು ಸುತ್ತಿದೆವು. ಯಲವಿಗಿಯಲ್ಲಿ ಅವನ ತಾಯಿ ನೀಲವ್ವ ಒಬ್ಬಳೇ ಉಳಿದಳು. ಕಂಡವರ ಹೊಲದಲ್ಲಿ ದುಡಿದು ಮಗನನ್ನು ಓದಿಸಿದವಳು. ನಾನು ರಜೆಯ ದಿನ ಹೋಗುತ್ತಿದ್ದೆ. ಮೊದಮೊದಲು “ಏನರ ಸುದ್ದಿ ತಿಳೀತೇನ ತಮ್ಮಾ?” ಎಂದು ಕೇಳುತ್ತಿದ್ದಳು. ಬರಬರುತ್ತ ಕೇಳುವುದನ್ನು ಬಿಟ್ಟು ನನ್ನ ಮುಖ ಮಾತ್ರ ನೋಡುತ್ತಿದ್ದಳು. ಕೇಳಿದ್ದರೇ ಚೆನ್ನಾಗಿತ್ತು.

ನನಗೂ ಅವನಿಲ್ಲದೆ ಕೈ ಮುರಿದ ಹಾಗಾಗಿತ್ತು. ಎಲೆಗೆ ಸುಣ್ಣ ಹಚ್ಚುವಾಗ ಎರಡು ಎಲೆ ಎತ್ತಿಕೊಳ್ಳುವುದು, ಆಮೇಲೆ ಒಂದನ್ನು ಚೀಲಕ್ಕೆ ತುರುಕುವುದು. ಯಂತ್ರದ ಕೆಲಸವೂ ನನ್ನ ತಲೆಗೇ ಬಂತು, ಕೋಣೆಯ ಬೀಗದ ಕೈಯೂ ನನ್ನ ಹತ್ತಿರವೇ ಬಂತು. ಮರುವರ್ಷ ಬೇಸಿಗೆಯಲ್ಲಿ ಕೆಲಸ ಕಡಿಮೆ ಇದ್ದಾಗ, ಅವನು ಅರ್ಧಕ್ಕೆ ಬಿಟ್ಟ ಪಾಠವನ್ನು ನಾನೇ ಮುಗಿಸಬೇಕು ಅನ್ನಿಸಿತು. ಮರೆಯಾಗಿರುವ ಫೈಲುಗಳನ್ನೂ ಗುಣಗಳ ಸಮೇತ ತೋರಿಸುವ ಪ್ರೋಗ್ರಾಮ್ ಬರೆಯಲು ಕುಳಿತೆ. ಆಸೆ ಇಷ್ಟೇ. ಅವನು ಕಡೆಯ ಸಲ ಬಂದ ಹೊತ್ತನ್ನಾದರೂ ಕಣ್ಣಿಂದ ನೋಡಬೇಕು.

ಆ ದಿನ ಬೆಳಿಗ್ಗೆ ನಾನು ಆಫೀಸಿಗೆ ಬಂದಾಗ ಕರೆಂಟ್ ಇರಲಿಲ್ಲ. ಬಂದದ್ದು ಊಟದ ಹೊತ್ತಿಗೆ. ಬೀಗ ತೆಗೆದೆ, ಹಿಂದಿನ ಸಂಜೆ ನಾನೇ ಯಂತ್ರಕ್ಕೆ ಹೊದಿಸಿದ್ದ ಬಟ್ಟೆ ಹಾಗೇ ಇತ್ತು. ಸ್ವಿಚ್ ಹಾಕಿ, ಹಾಳು ರೂಢಿಯಂತೆ ಎಂಟರ್ ಮೇಲೆ ಎಂಟರ್ ಒತ್ತಿದೆ. ಉಳಿದಿದ್ದ ನಾಲ್ಕು ಸಾಲು ಬರೆದು ಪ್ರೋಗ್ರಾಮ್ ನಡೆಸಿದೆ. ಪಟ್ಟಿ ಬಂತು. ನನ್ನ ಫೈಲುಗಳು ಎಂಬತ್ತರ ಜನವರಿಯವು, ಫಕ್ಕೀರೇಶನವು ಹೋದ ವರ್ಷದ ಸರಿಯಾದ ತಾರೀಖಿನವು. ಕೆಳಗೆ ‘ಬಂದೇನಿ’ ಇತ್ತು. ಗಾತ್ರ ಸೊನ್ನೆ, ಮರೆಯಾಗಿದೆ. ತಾರೀಖು ಮಾತ್ರ ಹೋದ ವರ್ಷದ್ದಲ್ಲ. ಅವತ್ತಿನದು. ಅವತ್ತು ಬೆಳಗಿನ ಒಂಬತ್ತು ದಾಟಿದ ಹೊತ್ತು.

ಗೋಡೆಯ ಕ್ಯಾಲೆಂಡರ್ ನೋಡಿದೆ, ಮತ್ತೆ ಯಂತ್ರದ ಪರದೆ ನೋಡಿದೆ. ಆ ಹೊತ್ತಿನಲ್ಲಿ ನಾನು ಹತ್ತಿಮತ್ತೂರಿನ ಬಸ್ಸಿನಲ್ಲಿದ್ದೆ. ಯಂತ್ರಕ್ಕೆ ತಾನಾಗಿ ತಾರೀಖು ಗೊತ್ತಾಗುವುದಿಲ್ಲ, ನಾನಂತೂ ಹೇಳಿರಲಿಲ್ಲ. ಹೊರಗೆ ಹೋಗಿ ಆಫೀಸಿನ ಸಿಪಾಯಿ ಖಾದರಸಾಬನನ್ನು, ಬೆಳಿಗ್ಗೆ ಸ್ವಲ್ಪ ಹೊತ್ತಾದರೂ ಕರೆಂಟ್ ಬಂದಿತ್ತೇ ಎಂದು ಕೇಳಿದೆ.

“ಎಲ್ಲೀ ಕರೆಂಟ್ರಿ ಸಾಹೇಬ್ರ? ಹೊತ್ತು ಹುಟ್ಟೂಕಿಂತ ಮೊದಲ ಹೋದದ್ದು ಈಗ ಬಂತಲ್ರಿ,” ಎಂದ. ಯಾರಾದರೂ ಬಂದಿದ್ದರೇ ಎಂದರೆ, ಬಾಗಿಲಲ್ಲೇ ಕುಂತೇನಿ, ನೊಣ ಸಹ ಬಂದಿಲ್ಲ ಎಂದು ನಕ್ಕ. ನನ್ನ ಮುಖ ನೋಡಿ ನಗುವುದನ್ನು ನಿಲ್ಲಿಸಿದ.

ತಪ್ಪು ನನ್ನ ಪ್ರೋಗ್ರಾಮಿನದೇ ಇರಬೇಕೆಂದು ಸಾಲು ಸಾಲು ತಿದ್ದಿ ನೋಡಿದೆ. ಉಳಿದ ಫೈಲುಗಳನ್ನೆಲ್ಲ ಸರಿಯಾಗಿ ತೋರಿಸುವುದು ಇದೊಂದನ್ನು ಹೇಗೆ ತಪ್ಪು ತೋರಿಸೀತು? ಮುಂದೆ ಯಂತ್ರ ರಿಪೇರಿಗೆ ಬಂದ ಎಂಜಿನಿಯರ್ ಒಬ್ಬರಿಗೆ ಹೇಳಿದೆ. ನಿಮ್ಮ ಗೆಳೆಯ ಹೋಗುವ ದಿನ ತಿಂಗಳಿನ ಜಾಗದಲ್ಲಿ ದಿನ, ದಿನದ ಜಾಗದಲ್ಲಿ ತಿಂಗಳು ಒತ್ತಿರಬೇಕು, ನಮ್ಮವರು ಮಾಡುವ ತಪ್ಪೇ ಅದು ಎಂದರು. ಆದರೆ ಅವತ್ತಿನ ತಾರೀಖು ಇಪ್ಪತ್ತು ದಾಟಿತ್ತು. ಇಪ್ಪತ್ತನೆಯ ತಿಂಗಳು ಯಾವ ಪಂಚಾಂಗದಲ್ಲಿದೆ? ವರ್ಷವೂ ಬೇರೆ. ಅವರು ಚಹಾ ಕುಡಿದು ಎದ್ದರು.

ಅಂದಿನಿಂದ ದಿನಾ ಆಫೀಸಿಗೆ ಓಡುತ್ತಿದ್ದೆ. ಸೋಮಾರಿಯಾದ ನಾನೇ ತಾರೀಖು ಸರಿಯಾಗಿ ಒತ್ತಿ, ಪಟ್ಟಿ ತೆಗೆದು, ಆ ಒಂದು ಸಾಲು ಹುಡುಕುತ್ತಿದ್ದೆ. ಆ ತಾರೀಖು ಮತ್ತೆ ಕದಲಲಿಲ್ಲ. ಒಮ್ಮೆಯಾದರೂ ಕದಲಲಿ ಎಂದು, ದೇವರಿಗೆ ಕೈ ಮುಗಿಯದ ನಾನು, ಯಾರನ್ನು ಬೇಡಿಕೊಂಡೆನೋ ಗೊತ್ತಿಲ್ಲ.

ನೀಲವ್ವನಿಗೆ ಹೇಳಬೇಕೇ ಬೇಡವೇ ಎಂಬುದೇ ದೊಡ್ಡ ತಳಮಳವಾಯಿತು. ಹೇಳಿದರೆ ಇಲ್ಲದ ಆಸೆ ಹುಟ್ಟಿಸಿದ ಹಾಗೆ. ಹೇಳದಿದ್ದರೆ ಮಗ ಕೊಟ್ಟ ಸುಳಿವನ್ನು ತಾಯಿಯಿಂದ ಮುಚ್ಚಿಟ್ಟ ಹಾಗೆ. ಕೊನೆಗೆ ಮುಂಗಾರು ಶುರುವಾದ ಮೇಲೆ ಒಂದು ಸಂಜೆ ಯಲವಿಗಿಗೆ ಹೋಗಿ ಒಲೆಯ ಮುಂದೆ ಕುಳಿತು ಹೇಳಿಬಿಟ್ಟೆ. ನಿನ್ನ ಮಗ ಒಂದು ದಿನ ಬೆಳಿಗ್ಗೆ ಆಫೀಸಿಗೆ ಬಂದು, ಬಂದೇನಿ ಎಂದು ಗುರುತು ಇಟ್ಟು ಹೋಗಿದ್ದಾನೆ, ಯಾರೂ ಅವನನ್ನು ಕಂಡಿಲ್ಲ, ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು ಎಂದೆ.

ಬೀಗದ ಬಗ್ಗೆಯಾಗಲಿ ಕಂಪ್ಯೂಟರಿನ ಬಗ್ಗೆಯಾಗಲಿ ಆಕೆ ಒಂದು ಮಾತೂ ಕೇಳಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ ಹಾಕಿದಳು.

“ಸವಣೂರ ತನಾ ಬಂದಾಂವ ಮನೀಗೆ ಯಾಕ ಬರ್ಲಿಲ್ಲ, ತಮ್ಮಾ?”

ಕರೆಂಟಿಲ್ಲದೆ ಯಂತ್ರ ಹೇಗೆ ನಡೆಯಿತು ಎಂದು ಕೇಳಿದ್ದರೆ ಏನಾದರೂ ತಡವರಿಸಿ ಹೇಳುತ್ತಿದ್ದೆ. ಇದಕ್ಕೆ ನಾನು ಏನು ಹೇಳಲಿ? ಅವತ್ತು ಒಲೆಯ ಕಟ್ಟಿಗೆಯನ್ನು ಮುಂದಕ್ಕೆ ತಳ್ಳಿದೆ. ಇಷ್ಟು ವರ್ಷ ಯೋಚಿಸಿದ ಮೇಲೂ ಗೊತ್ತಾಗಿಲ್ಲ.